ಅವಳ ಬೀರು, ಅವನದೊಂದು ಸುಳ್ಳು

"ಆ ಬ್ಲೇಡು ಕೆಳಗಿಡಿ!"

ನಡುಮನೆಯ ಬಾಗಿಲಲ್ಲಿ ನಿಂತ ವಾಣಿಶ್ರೀಯ ದನಿಗೆ ಒಳಗಿದ್ದವರೆಲ್ಲರ ತಲೆ ಒಮ್ಮೆಲೇ ಇತ್ತ ತಿರುಗಿತು.

ಜಮಖಾನದ ಮೇಲೆ ಅವಳ ರೇಷ್ಮೆ ಸೀರೆಗಳ ರಾಶಿ. ಅದರ ಪಕ್ಕದಲ್ಲಿ ಬಾಗಿಲು ತೆರೆದ ಅವಳ ಬೀರು, ಬರಿದಾಗಿ, ಬಾಯಿ ಬಿಟ್ಟುಕೊಂಡು ನಿಂತಿತ್ತು. ರಾಶಿಯ ಮುಂದೆ ಮಂಡಿಯೂರಿ ಕುಳಿತಿದ್ದ ಅಪರಿಚಿತ ಯುವಕನೊಬ್ಬನ ಬಲಗೈಯಲ್ಲಿ ಬ್ಲೇಡು. ಎಡಗೈಯಲ್ಲಿ ಅವಳ ಅರಿಶಿನ ಬಣ್ಣದ ಸೀರೆಯ ಸೆರಗು!

"ಒಂದೇ ಒಂದು ಎಳೆ ಸಾಕು," ಎಂದನಾತ ತಲೆಯೆತ್ತದೆ. "ಸೆರಗಿನ ತುದೀದು. ತೆಗೆದಿದ್ದು ಗೊತ್ತೂ ಆಗಲ್ಲ."

"ನಿಮಗೆ ಗೊತ್ತಾಗಲ್ಲ. ನನಗೆ ಗೊತ್ತಾಗ್ತೈತೆ."

ಆಗ ಅವನು ತಲೆಯೆತ್ತಿದ. ಆ ಕಣ್ಣುಗಳಲ್ಲಿ ತಾತ್ಸಾರ ಇರಬಹುದೆಂದು ಅವಳು ಎದೆಗಟ್ಟಿ ಮಾಡಿಕೊಂಡೇ ಬಂದಿದ್ದಳು. ಆದರೆ ಅಲ್ಲಿದ್ದುದು ಕುತೂಹಲ... ಬರೀ ಕುತೂಹಲ. ಅದು ಅವಳನ್ನು ಇನ್ನಷ್ಟು ಕೆರಳಿಸಿತು.

"ಕೋಪ ಮಾಡ್ಕೋಬೇಡ ತಾಯಿ," ಎಂದರು ಹಿರಿಯರಾದ ಚಿಕ್ಕಬಸಪ್ಪ. ಚಳ್ಳಕೆರೆಯ ಶೇಂಗಾ ಮಂಡಿಯಲ್ಲಿ ಅವರ ಮಾತಿಗೆ ಎದುರಿರಲಿಲ್ಲ; ಎರಡೂ ಮನೆಗೆ ನಂಟರು ಬೇರೆ. "ಜರಿ ನೋಡಿ ಬೆಲೆ ಕಟ್ಟೋಕೆ ಮೊಳಕಾಲ್ಮೂರಿಂದ ಕರೆಸಿದೀವಿ. ಮಲ್ಲಿಕ್ ಅಂತ. ಬೆಲೆ ಗೊತ್ತಾದ್ರೆ ಸಮಪಾಲು ಮಾಡಿ ಮುಗಿಸ್ತೀವಿ."

"ನನ್ನ ಸೀರೆಗೆ ಪಾಲು ಯಾಕೆ, ದೊಡ್ಡಪ್ಪ?"

ಉತ್ತರ ಬಂದದ್ದು ಮಂಚದ ಮೇಲಿಂದ. ಎಣ್ಣೆ ಮಿಲ್ಲಿನ ಯಜಮಾನಿ ಶಾಂತವೀರಮ್ಮ, ಮೊನ್ನೆ ಮೊನ್ನೆಯವರೆಗೂ ವಾಣಿಯ ಅತ್ತೆ, ಎಲೆ ಅಡಿಕೆಯನ್ನು ದವಡೆಗೆ ಸರಿಸಿ ನುಡಿದಳು:

"ಯಾಕೆ ಅಂದ್ರೆ ಏನರ್ಥ? ಹಬ್ಬಕ್ಕೊಂದು ಹುಣ್ಣಿಮೆಗೊಂದು ಅಂತ ನನ್ನ ಮಗ ಕೊಡಿಸಿದ್ದು. ಮಿಲ್ಲಿನ ದುಡ್ಡು ಅದು. ಬಿಟ್ಟು ಹೋದೋಳಿಗೆ ಅರ್ಧ ಕೊಡೋದೇ ಹೆಚ್ಚು!"

ಮೂಲೆಯ ಕುರ್ಚಿಯಲ್ಲಿದ್ದ ಮಗ ಚಂದ್ರಶೇಖರ್ ಮೊಬೈಲಿನಿಂದ ಕಣ್ಣು ಕೀಳಲಿಲ್ಲ.

ಇದೇ ಮನೆಯ ಅಡುಗೆಕೋಣೆಯಲ್ಲಿ ಅವನು ಒಮ್ಮೆ ಅವಳ ಮೇಲೆ ಕೈ ಎತ್ತಿದ್ದ. ಎರಡನೆಯ ಸಲಕ್ಕೆ ವಾಣಿ ಕಾಯಲಿಲ್ಲ. ಉಟ್ಟ ಹತ್ತಿ ಸೀರೆಯಲ್ಲೇ ಬಸ್ಸು ಹತ್ತಿ ನನ್ನಿವಾಳದ ತವರಿಗೆ ಹೋಗಿದ್ದಳು. ಕೋರ್ಟಿನಲ್ಲಿ ಮದುವೆ ಮುರಿದಿತ್ತು. ಒಡವೆ, ಪಾತ್ರೆಗಳ ವ್ಯವಹಾರ ತೀರಿತ್ತು. ಉಳಿದದ್ದು ಈ ಬೀರು ಮಾತ್ರ.

ಮಲ್ಲಿಕ್ ಮೆಲ್ಲನೆ ಕೇಳಿದ: "ಈ ಅರಿಶಿನ ಬಣ್ಣದ್ದು ಯಾವಾಗಿಂದು?"

"ಅದು ಜರಿಗೆ ಬೇಕಾ?"

"ನನಗೆ ಬೇಕು."

"ಅಪ್ಪ ತೀರಿಕೊಂಡ ವರ್ಷದ್ದು. ತನಗೆ ಇನ್ನು ಬಣ್ಣ ಬೇಡ ಅಂದ ಅವ್ವ, ಆ ಸುಗ್ಗೀಲಿ ಶೇಂಗಾ ಮಾರಿ ನನಗೆ ಅರಿಶಿನ ಬಣ್ಣ ತಂದ್ಲು. ಮನೇಲಿ ಬೆಳಕು ಬೇಕು ಅಂತ."

"ಈ ನೇರಳೆ?"

"ಎಸ್ಸೆಸ್ಸೆಲ್ಸಿ ಪಾಸಾದಾಗ. ಉಡೋಕೆ ಬರ್ತಿರಲಿಲ್ಲ. ಸುತ್ತಿಕೊಂಡು ಅಂಗಳದಲ್ಲಿ ಓಡಾಡಿದ್ದೆ."

"ಕಥೆ ಕಟ್ಟೋದು ಇವಳಿಂದ ಕಲೀಬೇಕು!" ಎಂದಳು ಶಾಂತವೀರಮ್ಮ.

ಮಲ್ಲಿಕ್ ಸೆರಗಿನ ಮೂಲೆಯನ್ನು ಮಗುಚಿದ. ಏನನ್ನೋ ಕಂಡವನಂತೆ ಅವನ ಬೆರಳುಗಳು ಗಕ್ಕನೆ ನಿಂತವು. ಮತ್ತೊಂದು ಸೀರೆಯ ಮೂಲೆ ನೋಡಿದ. ಇನ್ನೊಂದು... ಮತ್ತೂ ಒಂದು. ಅವನ ಮುಖದ ಬಣ್ಣವೇ ಬದಲಾಯಿತು!

ಕೊನೆಗೆ ಒಂದು ಎಳೆಯನ್ನು ಬಿಡಿಸಿ ಕರಿಯ ಒರೆಗಲ್ಲಿನ ಮೇಲೆ ಉಜ್ಜಿದ. ಚಿಕ್ಕಬಸಪ್ಪ ಬಗ್ಗಿ ನೋಡುವಷ್ಟರಲ್ಲಿ ಹೆಬ್ಬೆರಳಿನಿಂದ ಕಲ್ಲನ್ನು ಒರೆಸಿಬಿಟ್ಟ.

"ತಾಮ್ರ," ಎಂದ.

"ಏನು?"

"ತಾಮ್ರದ ಜರಿ. ಎಲ್ಲವೂ. ಮಾರೋಕೆ ಹೋದ್ರೆ ಯಾರೂ ಮೂಸಿ ನೋಡಲ್ಲ."

ವಾಣಿಯ ಕಿವಿಯೊಳಗೆ ಏನೋ ಸಿಡಿದಂತಾಯಿತು. ಅವ್ವ... ಬಿಸಿಲಲ್ಲಿ ಶೇಂಗಾ ಬಿಡಿಸಿ ಬೆರಳು ಒಡೆದುಕೊಂಡ ಅವ್ವ... ತಾಮ್ರವನ್ನು ಕೊಂಡಳೇ?

ಶಾಂತವೀರಮ್ಮ ಮಂಚದಿಂದ ಇಳಿದೇ ಬಂದಳು. "ಥೂ! ಇದನ್ನ ಉಟ್ಕೊಂಡಾ ಇವಳು ನಮ್ಮ ನಂಟರ ಮುಂದೆ ಮೆರೆದಿದ್ದು? ಇದರಲ್ಲಿ ಒಂದೂ ನಮ್ಮನೇದಲ್ಲ, ಚಿಕ್ಕಬಸಪ್ಪಾರೇ! ಇಂಥ ಜರಿ ನಾವು ಮುಟ್ಟೋರಲ್ಲ. ಅಷ್ಟೂ ಇವಳ ಅವ್ವ ಹೊರಿಸಿ ಕಳಿಸಿದ್ದು. ತಗೊಂಡು ಹೋಗೇ, ನಿನ್ನ ತವರಿನ ತಾಮ್ರ!"

ಸಂಜೆಯ ಹೊತ್ತಿಗೆ ಬೀರು ಗೂಡ್ಸ್ ಆಟೊ ಹತ್ತಿತು. ಎತ್ತಲು ಕೈ ಕೊಡಬಂದ ಮಲ್ಲಿಕ್‌ನನ್ನು ಅವಳು ನೋಟದಲ್ಲೇ ತಡೆದಳು.

"ಮುಟ್ಟಬೇಡಿ."

"ನಿಮ್ಮ ಸೀರೆ ನಿಮಗೆ ಸಿಕ್ವಲ್ಲ..."

"ನಮ್ಮವ್ವನ ಮರ್ಯಾದೆ ಅಲ್ಲೇ ಉಳೀತು. ಅದನ್ನ ಯಾವ ಆಟೊದಲ್ಲಿ ತರ್ಲಿ?"

ಅವನು ಏನೋ ಹೇಳಲು ಬಾಯಿ ತೆರೆದ. ಮೇಲಿನ ಬಾಲ್ಕನಿಯಲ್ಲಿ ಶಾಂತವೀರಮ್ಮ ನಿಂತಿದ್ದಳು. ಅವನು ಬಾಯಿ ಮುಚ್ಚಿಕೊಂಡ.

*ಹೇಡಿ!* ಎಂದುಕೊಂಡಳು ವಾಣಿ.

*

ಮಾತು ಆಟೊಗಿಂತ ಮುಂಚೆ ನನ್ನಿವಾಳ ತಲುಪಿತ್ತು.

ಅವ್ವ ಬಸವಲಿಂಗಮ್ಮ ಅಳಲಿಲ್ಲ. ಸೀರೆಗಳನ್ನು ಒಂದೊಂದಾಗಿ ಮಡಿಚಿ ಬೀರುವಿನೊಳಗಿಟ್ಟಳು. ಅಳುವುದಕ್ಕಿಂತ ಅದೇ ಕಷ್ಟವಾಗಿತ್ತು ನೋಡಲು.

"ಅವ್ವಾ, ಏನಾದ್ರೂ ಮಾತಾಡು."

"ಏನ್ ಮಾತಾಡ್ಲೇ? ಹೊಲ ನಿನ್ನ ಹೆಸರಿಗೆ ಬರೆಸೋಕೆ ನಿನ್ನ ಚಿಕ್ಕಪ್ಪಂದಿರು ಬಿಡ್ಲಿಲ್ಲ. ಬೀರುವಾದ್ರೂ ನಿಂದಾಗ್ಲಿ, ಕಷ್ಟ ಬಂದ್ರೆ ಒಂದೊಂದೇ ತೆಗೆದು ಬದುಕು ಅಂತ ಕೂಡಿಟ್ಟೆ." ಅವಳು ಬೀರುವಿನ ಬಾಗಿಲು ಮುಚ್ಚಿದಳು. "ಇಷ್ಟು ವರ್ಷ ತಾಮ್ರ ಕೂಡಿಟ್ನೇನೇ ನಾನು?"

ಮರುದಿನ ಓಣಿಯಲ್ಲಿ ಸೀಮಂತವಿತ್ತು. ಬಸವಲಿಂಗಮ್ಮ ಹೋಗಲಿಲ್ಲ. ನೀರಿಗೂ ಹೊತ್ತಲ್ಲದ ಹೊತ್ತಿನಲ್ಲಿ ಹೋಗತೊಡಗಿದಳು.

ಕುದಾಪುರದ ಸಂಶೋಧನಾ ಕೇಂದ್ರವೊಂದರ ಗ್ರಂಥಾಲಯದಲ್ಲಿ ವಾಣಿಗೆ ಗುತ್ತಿಗೆಯ ಕೆಲಸ. ಆ ವಾರವೆಲ್ಲ ಅವಳು ಪುಸ್ತಕಗಳ ನಡುವೆ ಕುಳಿತು ಒಂದೇ ಪ್ರಶ್ನೆಯನ್ನು ಅರೆದಳು: ಮೋಸ ಮಾಡಿದ್ದು ಯಾರು? ನೇಯ್ದವನೋ... ಬೆಲೆ ಕಟ್ಟಿದವನೋ?

ರಜೆಯ ದಿನ ಅರಿಶಿನ ಸೀರೆಯನ್ನು ಚೀಲಕ್ಕೆ ಹಾಕಿಕೊಂಡಳು.

"ಎಲ್ಲಿಗೆ ಹೋಗ್ತೀಯಾ?"

"ಮೊಳಕಾಲ್ಮೂರಿಗೆ. ನಿನಗೆ ಸೀರೆ ಕೊಟ್ಟೋರ ಹೆಸರು ಹೇಳು."

"ತಿಪ್ಪಯ್ಯ ಅಂತ. ದೇವರಂಥ ಮನುಷ್ಯ. ಬೇಡ ಕಣೆ ವಾಣಿ, ಹೋಗ್ಲಿ ಬಿಡು..."

"ನಾನು ಬಿಡೋಳಲ್ಲ ಅವ್ವಾ."

*

ಮಗ್ಗಗಳ ಸದ್ದು ತುಂಬಿದ ಓಣಿಯಲ್ಲಿ ತಿಪ್ಪಯ್ಯನವರ ಮನೆ ಸಿಕ್ಕಿತು. ಜಗುಲಿಯ ಮೇಲೆ ರಾಟೆಯ ಮುಂದೆ ಕುಳಿತು ರೇಷ್ಮೆ ನೂಲು ಸುತ್ತುತ್ತಿದ್ದ ಹೆಂಗಸು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ತೆಲುಗು ಬೆರೆತ ಕನ್ನಡದಲ್ಲಿ ಹೇಳಿದಳು:

"ತಿಪ್ಪಯ್ಯನೋರು ಹೋಗಿ ಶಾನೆ ದಿನ ಆಯ್ತಮ್ಮಾಯಿ. ನಾನು ಯರ್ರಮ್ಮ, ಅವರ ಹೆಂಡ್ತಿ. ರಾ, ನೆರಳಿಗೆ ಕೂತ್ಕೋ."

ವಾಣಿ ಕೂರಲಿಲ್ಲ. ಸೀರೆಯನ್ನು ಹೊರತೆಗೆದು ಆಕೆಯ ಮಡಿಲ ಮೇಲೆ ಇಟ್ಟಳು. "ಇದು ನಿಮ್ಮ ಮನೇದಾ?"

ಯರ್ರಮ್ಮನ ಕೈ ಸೀರೆಯ ಮೇಲೆ ಹರಿದಾಡಿತು. ಅಂಚು ಮುಟ್ಟಿತು, ಸೆರಗಿನ ಮೂಲೆ ಮಗುಚಿತು. ಅಲ್ಲಿ, ಹುಡುಕಿದರಷ್ಟೇ ಕಾಣುವ ಒಂದು ಹಸಿರು ಎಳೆ!

"ಅಯ್ಯೋ ನನ್ನ ತಂದೆ... ಇದು ನಾನೇ ಸೇರಿಸಿದ ಎಳೆ. ಅವರು ನೇಯೋರು. ಮಗ್ಗದಿಂದ ಸೀರೆ ಇಳಿಸೋ ಮುಂಚೆ ನನ್ನ ಕರೆದು, ನಿಂದೊಂದು ಎಳೆ ಇರ್ಲಿ ಯರ್ರಿ ಅನ್ನೋರು. ನಮ್ಮನೆ ಗುರುತು ಇದು. ಯಾರಮ್ಮಾ ನೀನು? ಎಷ್ಟು ಜೋಪಾನ ಮಾಡಿದೀಯಾ!"

"ಇದು ತಾಮ್ರ ಅಂತೆ, ಅಮ್ಮ."

ರಾಟೆ ನಿಂತಿತು.

"ಏನಂದಿ?"

ಯರ್ರಮ್ಮ ಎದ್ದಳು. ಒಳಗಿನಿಂದ ಒರೆಗಲ್ಲು ತಂದು, ಸೆರಗಿನ ತುದಿಯ ಎಳೆಯೊಂದನ್ನು ಬಿಡಿಸಿ, ವಾಣಿಯ ಕಣ್ಣೆದುರೇ ಉಜ್ಜಿದಳು. ಕರಿಯ ಕಲ್ಲಿನ ಮೇಲೆ ಮೊದಲು ಚಿನ್ನದ ಹೊಳಪು, ಅದು ಸವೆದ ಮೇಲೆ ಗೆರೆಯೊಂದು ಮೂಡಿತು. ಬೆಳ್ಳಗೆ. ಹಾಲಿನಷ್ಟು ಬೆಳ್ಳಗೆ!

"ತಾಮ್ರ ಆಗಿದ್ರೆ ಕೆಂಪಾಗ್ತಿತ್ತು. ನೋಡು, ಬೆಳ್ಳಿ! ಅಪ್ಪಟ ಬೆಳ್ಳಿ! ಯಾವನಮ್ಮಾ ಅವನು ತಾಮ್ರ ಅಂದೋನು? ಅವನ ನಾಲಿಗೆ ಬಿದ್ದು ಹೋಗ!"

ವಾಣಿಯ ಕಣ್ಣು ತುಂಬಿತು. ಅವ್ವ ಮೋಸ ಹೋಗಿರಲಿಲ್ಲ!

"ಇದೇ ಊರಿನವನಂತೆ. ಜರಿ ನೋಡ್ತಾನಂತೆ. ಮಲ್ಲಿಕ್ ಅಂತ..."

ಯರ್ರಮ್ಮನ ಮುಖ ಕಲ್ಲಾಯಿತು. ಅವಳ ನೋಟ ವಾಣಿಯನ್ನು ದಾಟಿ ಹಿಂದಕ್ಕೆ ಹೋಯಿತು.

"ಅವ್ವಾ..." ಎಂದಿತು ಬೆನ್ನ ಹಿಂದಿನ ದನಿ.

ವಾಣಿ ತಿರುಗಿದಳು. ಬಾಗಿಲಲ್ಲಿ ಅವನು ನಿಂತಿದ್ದ!

"ನಿಮ್ಮಪ್ಪ ನೇಯ್ದಿದ್ದಕ್ಕೆ ತಾಮ್ರ ಅಂದ್ಯೇನೋ?" ಯರ್ರಮ್ಮನ ಪ್ರಶ್ನೆ ಪಿಸುಮಾತಿನಷ್ಟು ಮೆಲ್ಲಗಿತ್ತು. "ಸತ್ತೋರ ಹೆಸರಿಗೆ ಮಸಿ ಬಳಿಯೋಕೆ ಎಷ್ಟು ಕೊಟ್ರು ನಿನಗೆ?"

"ಏನೂ ಕೊಡ್ಲಿಲ್ಲವ್ವ." ಅವನು ಗೋಡೆಗೆ ಒರಗಿದ. "ಅವತ್ತು ಮಿಲ್ಲಿನ ಬಾಗಿಲಲ್ಲಿ ಹಳೇ ಜರಿ ಸುಡೋನು ಕಾಯ್ತಾ ಕೂತಿದ್ದ. ಆಯಮ್ಮನೇ ಕರೆಸಿದ್ದು. ತಮ್ಮ ಪಾಲಿನ ಸೀರೆ ಅಲ್ಲೇ ಸುಟ್ಟು ಬೆಳ್ಳಿ ತೆಗೆಸೋದು ಅಂತ ಮಾತಾಗಿತ್ತು. ಆಮೇಲೆ ಒಳಗೆ ಹೋದ್ರೆ... ಸೀರೆ ಮೂಲೇಲಿ ನಿನ್ನ ಹಸಿರೆಳೆ."

ಅವನು ವಾಣಿಯತ್ತ ನೋಡಿದ. "ಇವರು ಒಂದೊಂದರ ಹುಟ್ಟು ಹೇಳ್ತಿದ್ರು. ಮನೇಲಿ ಬೆಳಕು ಬೇಕು ಅಂತ ತಂದ ಸೀರೆ... ಬೆಳ್ಳಿ ಅಂದ್ರೆ ಅದು ಸಂಜೆಗೆ ಬೂದಿ. ನನ್ನ ಬಾಯಿಗೆ ನಿಜ ಬರ್ಲಿಲ್ಲ."

ತನಗಾಗಿ ತನ್ನ ತಂದೆಯ ಹೆಸರನ್ನೇ ಬಲಿಕೊಟ್ಟನೇ ಇವನು? ಪರಿಚಯವೇ ಇಲ್ಲದವಳಿಗಾಗಿ? ವಾಣಿಯ ಎದೆಯೊಳಗೆ ಏನೋ ಕರಗಿತು. ಕರಗಿದ ಮರುಗಳಿಗೆಯೇ ಹೊತ್ತಿ ಉರಿಯಿತು!

"ನನ್ನ ಕೇಳಿದ್ರಾ?"

"ಏನು?"

"ನನ್ನ ಸೀರೆ, ನಮ್ಮವ್ವನ ಮರ್ಯಾದೆ. ಮಾರೋದು, ಸುಡೋದು, ಉಳಿಸೋದು... ಎಲ್ಲಾ ನೀವು ನೀವೇ ತೀರ್ಮಾನ ಮಾಡ್ಕೊಂಡ್ರಿ. ಅವರು ಕೆಡಿಸೋಕೆ ನನ್ನ ಕೇಳ್ಲಿಲ್ಲ. ನೀವು ಕಾಪಾಡೋಕೆ ನನ್ನ ಕೇಳ್ಲಿಲ್ಲ. ನನಗೆ ಎರಡೂ ಒಂದೇ!"

ಆ ಮಾತು ಅವನಿಗೆ ತಾಗಿತು. "ತಪ್ಪಾಯ್ತು," ಎಂದ.

"ನಾಳೆ ಚಳ್ಳಕೆರೆಗೆ ಹೋಗಿ ಬೆಳ್ಳಿ ಅಂತ ಹೇಳ್ತೀನಿ," ಎಂದಳು ವಾಣಿ.

"ಹೇಳಿದ್ರೆ ಅರ್ಧ ಹೋಗ್ತವೆ!"

"ಹೋಗ್ಲಿ! ಬೆಂಕಿಗೆ ಹೋದ್ರೂ ಬೆಳ್ಳಿ ಅನ್ನಿಸ್ಕೊಂಡೇ ಹೋಗ್ಲಿ!"

ಯರ್ರಮ್ಮ ಆ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಂತರ ಮಗನತ್ತ ತಿರುಗಿದಳು. "ಇನ್ನೂ ಏನ್ ನಿಂತಿದೀಯಾ? ಸುಳ್ಳು ಹೇಳಿದ ಬಾಯಿ ಯಾರದು? ನೀನೂ ಹೋಗು."

*

ವಾಣಿ ಅರಿಶಿನ ಬಣ್ಣದ ಸೀರೆಯನ್ನು ಉಟ್ಟೇ ಆ ಮನೆಯ ಮೆಟ್ಟಿಲು ಹತ್ತಿದಳು. ಪಕ್ಕದಲ್ಲಿ ಬಸವಲಿಂಗಮ್ಮ. ಹಿಂದೆ ಮಲ್ಲಿಕ್.

ಚಿಕ್ಕಬಸಪ್ಪನವರ ಮುಂದೆ ಅವನು ಕೈಕಟ್ಟಿ ನಿಂತ. "ಸುಳ್ಳು ಹೇಳಿದ್ದೆರಿ. ತಪ್ಪಾಯ್ತು. ಅವು ಬೆಳ್ಳಿ ಜರಿಯವು. ನಮ್ಮಪ್ಪ ನೇಯ್ದ ಸೀರೆಗಳು."

ಹೇಳಿ ಒರೆಗಲ್ಲನ್ನು ಮುಂದಿಟ್ಟ. ಈ ಬಾರಿ ಹಿರಿಯರೇ ಎಳೆಯನ್ನು ಉಜ್ಜಿದರು. ಕಲ್ಲಿನ ಮೇಲೆ ಮೂಡಿದ ಬಿಳಿಯ ಗೆರೆಯನ್ನು ಬಹಳ ಹೊತ್ತು ನೋಡಿದರು.

"ನಿನ್ನ ಮಾತು ನಂಬಿ ಊರೇ ವ್ಯವಹಾರ ಮಾಡ್ತಿತ್ತಲ್ಲೋ," ಎಂದರು ನೋವಿನಿಂದ. "ಜರಿ ನೋಡೋ ಕೆಲಸ ನಿಂದು ಇವತ್ತಿಗೆ ಮುಗೀತು. ಇನ್ನು ಯಾವ ಮಂಡಿಯೋರೂ ನಿನ್ನ ಕರೆಯಲ್ಲ."

"ಗೊತ್ತಿದ್ದೇ ಬಂದೆರಿ."

"ಅವನ ವಿಚಾರ ಆಮೇಲೆ!" ಶಾಂತವೀರಮ್ಮನ ಕಣ್ಣುಗಳು ವಾಣಿಯ ಸೆರಗಿನ ಮೇಲೆ ಮಿನುಗುತ್ತಿದ್ದವು. "ಬೆಳ್ಳಿ ಅಂದ ಮೇಲೆ ನಮ್ಮ ಪಾಲು ನಮಗೆ ಬರ್ಲಿ. ಬಿಚ್ಚಿಡು ಅದನ್ನೂ!"

ಬಸವಲಿಂಗಮ್ಮ ಮಗಳ ಕೈಯನ್ನು ಬಿಗಿಯಾಗಿ ಹಿಡಿದಳು. ಮಲ್ಲಿಕ್ ಒಂದು ಹೆಜ್ಜೆ ಮುಂದಿಟ್ಟವನು ತನ್ನನ್ನು ತಾನೇ ತಡೆದುಕೊಂಡ.

ವಾಣಿ ಮಾತ್ರ ಕದಲಲಿಲ್ಲ. *ನಮ್ಮ ಪಾಲು...* ಆ ಮಾತಿನ ಹಿಂದೆಯೇ ಇದೇ ಬಾಯಿಂದ ಬಂದ ಮತ್ತೊಂದು ಮಾತು ಅವಳ ನೆನಪಿನಲ್ಲಿ ಥಟ್ಟನೆ ಎದ್ದು ನಿಂತಿತು!

"ಕೊಡ್ತೀನಿ," ಎಂದಳು ನಿಧಾನವಾಗಿ. "ದೊಡ್ಡಪ್ಪ, ಒಂದೇ ಪ್ರಶ್ನೆ. ತಾಮ್ರ ಅಂದ ದಿನ ಇವರು ನಿಮ್ಮ ಹೆಸರು ಹಿಡಿದು ಕರೆದು ಏನೋ ಹೇಳಿದ್ರು. ನೆನಪೈತಾ?"

ಚಿಕ್ಕಬಸಪ್ಪ ಹುಬ್ಬು ಗಂಟಿಕ್ಕಿದರು. ಮೆಲ್ಲಗೆ ಆ ಗಂಟು ಸಡಿಲವಾಯಿತು. "ಹೇಳಿದ್ಲು... ಒಂದೂ ನಮ್ಮನೇದಲ್ಲ, ಅಷ್ಟೂ ಇವಳ ಅವ್ವ ಕಳಿಸಿದ್ದು ಅಂತ."

"ಅದು... ಸಿಟ್ಟಿನಾಗೆ ಅಂದ ಮಾತು!"

"ಸಿಟ್ಟಿನಾಗೆ ನಿಜ ಬಂತು, ಶಾಂತವೀರಮ್ಮ," ಎಂದರು ಹಿರಿಯರು. "ತಾಮ್ರ ಆಗಿದ್ದಾಗ ಅವಳ ತವರಿನದು, ಬೆಳ್ಳಿ ಆದ ಕೂಡಲೇ ನಿನ್ನ ಮಿಲ್ಲಿಂದಾ? ಹೆಣ್ಣುಮಗಳ ಸೀರೆ ಮುಟ್ಟಬೇಡ. ಮುಗೀತು."

ಬಸವಲಿಂಗಮ್ಮ ಎಷ್ಟೋ ದಿನಗಳ ನಂತರ ತಲೆಯೆತ್ತಿದಳು. ತಲೆಯೆತ್ತಿ ಬೀಗಿತ್ತಿಯ ಕಣ್ಣನ್ನೇ ನೋಡಿದಳು.

ಚಂದ್ರಶೇಖರ್ ಮಾತ್ರ ಗೊಣಗಿದ. "ಆ ಸುಳ್ಳ ನಿನಗ್ಯಾಕೆ ಅಷ್ಟು ಸಹಾಯ ಮಾಡ್ದ ಅಂತ ನಾವೂ ತಿಳ್ಕೋಬಹುದಾ?"

ಬಾಗಿಲವರೆಗೆ ಹೋಗಿದ್ದ ವಾಣಿ ನಿಂತಳು.

"ಅವರು ತಪ್ಪು ಮಾಡಿದ್ರು, ತಪ್ಪಾಯ್ತು ಅಂದ್ರು. ನಾನು ಈ ಮನೇಲಿ ಇಷ್ಟು ವರ್ಷ ಇದ್ದೆ. ಆ ಮಾತನ್ನ ಇಲ್ಲಿ ಕೇಳಿದ್ದು ಇವತ್ತೇ ಮೊದಲು."

*

ಮಲ್ಲಿಕ್ ಮತ್ತೆ ತಂದೆಯ ಮಗ್ಗಕ್ಕಿಳಿದ. ಬೇರೆ ದಾರಿ ಇರಲಿಲ್ಲ. ಬೇಕೆಂದೂ ಅವನಿಗೆ ಅನ್ನಿಸಲಿಲ್ಲ.

ಒಂದು ಭಾನುವಾರ ಬಸವಲಿಂಗಮ್ಮನ ಕ್ಷಮೆ ಕೇಳಲು ನನ್ನಿವಾಳಕ್ಕೆ ಬಂದ. ಅವಳು ಅವನ ಮುಂದೆ ಒಂದು ಮೊರ ಶೇಂಗಾ ಇಟ್ಟು, "ಬಿಡಿಸು. ಮಾತು ಆಮೇಲೆ," ಎಂದಳು. ಅವನು ಬಿಡಿಸಿದ. ಮರುವಾರ ಮತ್ತೆ ಬಂದ. ಅದರಾಚೆ ಯಾಕೆ ಬರುತ್ತಾನೆಂದು ಯಾರೂ ಕೇಳಲಿಲ್ಲ. ವಾಣಿ ಮಾತ್ರ ಭಾನುವಾರದ ಬಸ್ಸಿನ ಹಾರನ್‌ಗೆ ಕಿವಿಗೊಡುವುದನ್ನು ಕಲಿತಳು.

"ಸುಳ್ಳು ಹೇಳೋ ಗಂಡಸು ಕಣೆ," ಎಂದಳು ಅವ್ವ ಒಮ್ಮೆ, ಮಗಳ ಮುಖವನ್ನೇ ಗಮನಿಸುತ್ತ.

"ಒಂದು ಸುಳ್ಳು ಹೇಳಿ, ಎಲ್ಲರ ಮುಂದೆ ಒಪ್ಪಿಕೊಂಡು, ಅನ್ನ ಕಳ್ಕೊಂಡ ಗಂಡಸು."

"ಓಹೋ! ವಕೀಲಿ ಬೇರೆ!"

ಚಿಕ್ಕಪ್ಪಂದಿರು ಹಾರಾಡಿದರು. ನಮ್ಮವರಲ್ಲದ ನೇಕಾರರ ಮನೆಗಾ? ಬಸವಲಿಂಗಮ್ಮ ಮೊರದಲ್ಲಿ ಶೇಂಗಾ ಕೇರುತ್ತಲೇ ಉತ್ತರಿಸಿದಳು: "ನಮ್ಮೋರು ಅಂತ ನೀವು ಹುಡುಕಿದ ಮನೆ ನೋಡಿದ್ವಲ್ಲ. ಈ ಸಲ ಅವಳೇ ನೋಡ್ಕೊಳ್ಲಿ."

ಆದರೂ ಮಲ್ಲಿಕ್ ಅವಳನ್ನು ಕೇಳಲಿಲ್ಲ. ವಾರಗಳು ಉರುಳಿದವು... ಅವನು ಬಾಯಿ ಬಿಡಲಿಲ್ಲ!

ಕೊನೆಗೊಂದು ಸಂಜೆ, ಕುದಾಪುರದ ಬಯಲಿನ ಹುಲ್ಲು ಗಾಳಿಗೆ ಮಲಗಿ ಏಳುತ್ತಿದ್ದ ಹೊತ್ತಿನಲ್ಲಿ, ಕೆಲಸ ಮುಗಿಸಿ ಗೇಟಿನಿಂದ ಹೊರಬಂದ ವಾಣಿಗೆ ಬಸ್ ಸ್ಟಾಪಿನಲ್ಲಿ ಅವನು ಕಂಡ.

"ಈ ಕಡೆ ಏನು ಕೆಲಸ?"

"ಏನೂ ಇಲ್ಲ. ಹಿಂಗೇ..."

"ಮೊಳಕಾಲ್ಮೂರಿಂದ ಎರಡು ಬಸ್ಸು ಹತ್ತಿ ಹಿಂಗೇ ಬಂದ್ರಾ?"

ಅವಳು ಬ್ಯಾಗನ್ನು ಕಲ್ಲುಬೆಂಚಿನ ಮೇಲೆ ಕುಕ್ಕಿದಳು.

"ನೋಡಿ, ನನ್ನ ಕೇಳದೆ ತೀರ್ಮಾನ ಮಾಡಬೇಡಿ ಅಂದಿದ್ದೆ. ಕೇಳಲೇಬೇಡಿ ಅಂದಿರಲಿಲ್ಲ!"

ಮಲ್ಲಿಕ್ ಬೆಚ್ಚಿ ತಲೆಯೆತ್ತಿದ. ಅವಳ ಕೆನ್ನೆ ಕೆಂಪಾಗಿತ್ತು, ಗದ್ದ ಮಾತ್ರ ಎಂದಿನಂತೆ ಮೇಲಕ್ಕೇ ಇತ್ತು.

"ಹೆದರಿಕೆ ಆಗಿತ್ತು," ಎಂದ. "ಈಗ ನನ್ನ ಹತ್ರ ಮಗ್ಗ ಬಿಟ್ರೆ ಏನೂ ಇಲ್ಲ. ಹೆಸರೂ ಇಲ್ಲ. ಆದ್ರೂ ಕೇಳ್ತೀನಿ. ವಾಣಿ, ನನಗೆ ನೀವಂದ್ರೆ ಜೀವ. ನನ್ನ ಜೊತೆ ಬದುಕ್ತೀರಾ?"

ಗಾಳಿ ಬೀಸಿತು. ಎಷ್ಟೋ ಕಾಲದಿಂದ ಬಿಗಿಹಿಡಿದಿದ್ದ ಉಸಿರನ್ನು ಅವಳು ಅಂದು ಮೊದಲ ಬಾರಿಗೆ ಪೂರ್ತಿ ಬಿಟ್ಟಳು.

"ಬದುಕ್ತೀನಿ. ಆದ್ರೆ ಷರತ್ತು ಐತೆ."

"ಹೇಳಿ."

"ನನ್ನ ಬೀರು ನನ್ನ ಜೊತೆ ಬರ್ತೈತೆ. ಬೀಗದಕೈ ನನ್ನ ಸೊಂಟದಲ್ಲೇ ಇರ್ತೈತೆ. ಅದರೊಳಗಿನ ಒಂದು ಎಳೆ ಮಾರೋದಿದ್ರೂ ನಾನೇ ಮಾರೋಳು, ಉಡೋದಿದ್ರೂ ನಾನೇ."

"ಒಪ್ಪಿದೆ." ಅವನ ಮುಖದಲ್ಲಿ ನಗು ಅರಳತೊಡಗಿತ್ತು. "ಒಂದು ಮಾತು... ನಮ್ಮ ಮನೇಲಿ ಬೀರು ಇಲ್ಲ. ನನ್ನ ಎರಡು ಅಂಗಿ, ಒಂದು ಪಂಚೆಗೆ ಅದರಲ್ಲಿ ಜಾಗ ಸಿಗ್ತೈತಾ?"

ವಾಣಿ ಗಂಭೀರವಾಗಿ ಯೋಚಿಸಿದಳು. ಅವಳ ಬೆರಳುಗಳು ಆಗಲೇ ಅವನ ಅಂಗೈಯೊಳಗೆ ಸೇರಿಹೋಗಿದ್ದವು.

"ನಡತೆ ನೋಡಿ ಹೇಳ್ತೀನಿ."

"ಅಲ್ಲೀತನಕ?"

"ಅಲ್ಲೀತನಕ ಗೋಡೆ ಮೊಳೆಗೆ ನೇತು ಹಾಕ್ಕೊಳ್ಳಿ!"